ಮಗು ಕೊಟ್ಟದ್ದು ದಾನವಲ್ಲ, ಸಾಲ

ಅನಾಥ ಮಕ್ಕಳ ಸೊತ್ತಿನ ವಿಷಯದಲ್ಲಿ ಕುರ್‌ಆನ್ ಬಹಳ ಕಟ್ಟುನಿಟ್ಟಾಗಿದೆ. ಪೋಷಕನು ಅದನ್ನು ಮಗುವಿನ ಹಿತಕ್ಕಾಗಿ ಮಾತ್ರ ಮುಟ್ಟಬಹುದು. ಅದರಿಂದ ಬೇರೆಯವರಿಗೆ ದಾನ ಮಾಡಿ ತಾನು ಉದಾರಿಯೆನಿಸಿಕೊಳ್ಳುವ ಅಧಿಕಾರವೂ ಅವನಿಗಿಲ್ಲವೆಂದು ಕರ್ಮಶಾಸ್ತ್ರ ಪಂಡಿತರು ಹೇಳುತ್ತಾರೆ. ಸೊತ್ತಿನ ವಿಷಯದಲ್ಲೇ ಇಷ್ಟು ಎಚ್ಚರಿಕೆಯಿದ್ದರೆ, ಮಗುವಿನ ದೇಹದ ವಿಷಯದಲ್ಲಿ ಎಷ್ಟಿರಬೇಕು? ದೇಹವು ಅಲ್ಲಾಹನು ಒಪ್ಪಿಸಿದ ಅಮಾನತ್ತು. ಹಾಗಿರುವಾಗ, ತನಗೆ ಯಾವ ಪ್ರಯೋಜನವೂ ಇಲ್ಲದ ವೈದ್ಯಕೀಯ ಸಂಶೋಧನೆಗೆ ರೋಗಿಯಾದ ಒಂದು ಮಗುವನ್ನು ಒಪ್ಪಿಸುವುದು ಸರಿಯೇ?

ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೋಫಿ ಎಂಬ ಅಪರೂಪದ ಕಾಯಿಲೆಯ ಸಂಶೋಧನೆಯಲ್ಲಿ ಇದು ನೇರವಾಗಿ ಎದುರಾಗಿದೆ.

ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ ನಮ್ಮ ನರತಂತುಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಈ ಕಾಯಿಲೆಯ ಮಕ್ಕಳಲ್ಲಿ ಒಂದು ಕಿಣ್ವದ ಕೊರತೆಯಿಂದಾಗಿ ಕರಗಬೇಕಾದ ವಸ್ತು ಕರಗದೆ ಶೇಖರಗೊಂಡು ಆ ಹೊದಿಕೆಯನ್ನು ನಾಶ ಮಾಡುತ್ತದೆ. ಹೆತ್ತವರಿಬ್ಬರೂ ಆರೋಗ್ಯವಂತರೇ. ಆದರೆ ಇಬ್ಬರಲ್ಲೂ ದೋಷವುಳ್ಳ ಜೀನ್ ಅಡಗಿದ್ದರೆ, ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಕಾಯಿಲೆಯ ತೀವ್ರ ರೂಪದಲ್ಲಿ, ಆಗಷ್ಟೇ ನಡೆಯಲು ಕಲಿತ ಮಗು ಎಡವತೊಡಗುತ್ತದೆ. ಮತ್ತೆ ನಡಿಗೆ, ಮಾತು, ನುಂಗುವ ಶಕ್ತಿ ಒಂದೊಂದಾಗಿ ಹೋಗುತ್ತವೆ.

ಇಟೆಲಿಯ ಮಿಲಾನ್ ನಗರದ ಸ್ಯಾನ್ ರಫಾಯೆಲೆ ಟೆಲಿಥಾನ್ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಇದಕ್ಕೊಂದು ಜೀನ್ ಚಿಕಿತ್ಸೆಯ ಪ್ರಯೋಗ ಆರಂಭಿಸಿದರು. ಮಗುವಿನದ್ದೇ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಸರಿಯಾದ ಜೀನನ್ನು ಅದರೊಳಗೆ ಸೇರಿಸಿ, ಮರಳಿ ದೇಹಕ್ಕೆ ಕೊಡುವ ವಿಧಾನವಿದು. ಯುರೋಪು 2020ರ ಡಿಸೆಂಬರ್‌ನಲ್ಲಿಯೂ ಅಮೆರಿಕ 2024ರ ಮಾರ್ಚ್‌ನಲ್ಲಿಯೂ ಅದಕ್ಕೆ ಅನುಮತಿ ನೀಡಿದವು. ಹಿಂದೆ ಮಾತು ಮತ್ತು ನಡಿಗೆ ಕಳೆದುಕೊಂಡು ಮಲಗಿಬಿಡುತ್ತಿದ್ದ ವಯಸ್ಸಿನಲ್ಲಿ ಚಿಕಿತ್ಸೆ ಪಡೆದ ಹಲವು ಮಕ್ಕಳು ಇಂದು ನಡೆಯುತ್ತಾರೆ, ಕಲಿಯುತ್ತಾರೆ.

ಆದರೆ ಒಂದು ಶರತ್ತಿದೆ. ತೀವ್ರ ರೂಪದ ಕಾಯಿಲೆಯಲ್ಲಿ ರೋಗಲಕ್ಷಣ ಕಾಣಿಸುವ ಮುನ್ನವೇ ಚಿಕಿತ್ಸೆಯಾಗಬೇಕು. ಲಕ್ಷಣವೇ ಇಲ್ಲದ ಮಗುವಿಗೆ ಕಾಯಿಲೆಯಿದೆಯೆಂದು ತಿಳಿಯುವುದು ಹೇಗೆ? ಹೆಚ್ಚಾಗಿ, ಅದರ ಅಕ್ಕನೋ ಅಣ್ಣನೋ ಆಗಲೇ ಹಾಸಿಗೆ ಹಿಡಿದಿರುವುದರಿಂದ! ಚಿಕಿತ್ಸೆ ಫಲಿಸಿತೆಂದು ಸಾಬೀತಾದದ್ದಾದರೂ ಹೇಗೆ? 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಲ್ಲಿ, ಚಿಕಿತ್ಸೆ ಪಡೆದ 29 ಮಕ್ಕಳನ್ನು ಚಿಕಿತ್ಸೆ ಸಿಗದ 31 ಮಕ್ಕಳೊಂದಿಗೆ ಹೋಲಿಸಲಾಗಿತ್ತು. ಚಿಕಿತ್ಸೆ ಸಿಗದ ಮಕ್ಕಳ ಸ್ಥಿತಿ ಹೇಗೆ ಹದಗೆಡುತ್ತದೆಂದು ತಿಳಿದಿದ್ದರಿಂದಲೇ ಉಳಿದವರ ಚೇತರಿಕೆಗೆ ಅರ್ಥ ಬಂತು.

ತಂಗಿಯನ್ನು ಉಳಿಸಿದ ಅರಿವು ಬಂದದ್ದು ಅಕ್ಕನ ದೇಹದಿಂದ. ಆದರೆ ಅಕ್ಕನಿಗೆ ಅದರಿಂದ ಏನೂ ಸಿಗಲಿಲ್ಲ.

ಇಂಥ ಮಕ್ಕಳು ವಿಜ್ಞಾನಕ್ಕೆ ಮಹಾದಾನ ಮಾಡಿದರೆಂದು ಹೇಳುವ ರೂಢಿಯಿದೆ. ಮಾತು ಚೆನ್ನಾಗಿದೆ, ಆದರೆ ನಿಜವಲ್ಲ. ದಾನಕ್ಕೆ ನಿಯ್ಯತ್ ಬೇಕು. ಎರಡು ವರ್ಷದ ಮಗುವಿಗೆ ಎಲ್ಲಿಯ ನಿಯ್ಯತ್? ಅದು ಕೊಡಲಿಲ್ಲ, ನಾವು ಪಡೆದೆವು. ಮಗುವಿಗೆ ಆಗುವ ತೊಂದರೆ ಅತ್ಯಲ್ಪವಾಗಿದ್ದು, ಅದರಿಂದ ಬೇರೆ ಮಕ್ಕಳ ಜೀವ ಉಳಿಯುವಂತಿದ್ದರೆ ಹೀಗೆ ಪಡೆಯುವುದನ್ನು ಒಪ್ಪಬಹುದು. ಆದರೆ ಒಪ್ಪಿಗೆಯಿಲ್ಲದೆ ಪಡೆದದ್ದಕ್ಕೆ ಒಂದೇ ಹೆಸರು, ಸಾಲ. ಇಸ್ಲಾಮಿನಲ್ಲಿ ಸಾಲದ ನಿಯಮ ಸ್ಪಷ್ಟವಾಗಿದೆ. ಮೃತನ ಸಾಲ ತೀರಿಸದೆ ವಾರೀಸುದಾರರು ಪಾಲು ಹಂಚಿಕೊಳ್ಳುವಂತಿಲ್ಲ.

ಇಲ್ಲಿ ಪಾಲು ಹಂಚಿಕೆ ಮೊದಲೇ ನಡೆದುಬಿಟ್ಟಿದೆ. ಅಮೆರಿಕದಲ್ಲಿ ಈ ಚಿಕಿತ್ಸೆಗೆ ಕಂಪೆನಿ ನಿಗದಿ ಮಾಡಿದ ಬೆಲೆ 42 ಲಕ್ಷ 50 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 35 ಕೋಟಿ ರೂಪಾಯಿ. ನಮ್ಮ ಕೇಂದ್ರ ಸರಕಾರ 2021ರಲ್ಲಿ ಅಪರೂಪದ ಕಾಯಿಲೆಗಳಿಗಾಗಿ ರಾಷ್ಟ್ರೀಯ ನೀತಿ ರೂಪಿಸಿ, 2022ರಲ್ಲಿ ಗರಿಷ್ಠ ನೆರವನ್ನು 50 ಲಕ್ಷಕ್ಕೆ ಏರಿಸಿತು. ನಮಗದು ದೊಡ್ಡ ಮೊತ್ತವೇ. ಆದರೂ ಎರಡರ ನಡುವಿನ ಅಂತರವನ್ನು ನೋಡಿ!

ರೋಗಿಗಳು ಬೆರಳೆಣಿಕೆಯಷ್ಟಿರುವಾಗ ಲಾಭವಿಲ್ಲದೆ ಯಾರು ತಾನೇ ಬಂಡವಾಳ ಹೂಡುತ್ತಾರೆ ಎಂಬ ವಾದವನ್ನು ತಳ್ಳಿಹಾಕಲಾಗದು. ಖರ್ಚು ನಿಜ. ಆದರೆ ಮಿಲಾನಿನ ಸಂಶೋಧನೆಗೆ ನೆರವಾದ ಟೆಲಿಥಾನ್, ಸಾರ್ವಜನಿಕರ ದೇಣಿಗೆಯಿಂದ ನಡೆಯುವ ಸೇವಾಸಂಸ್ಥೆ. ಮಕ್ಕಳ ಇನ್ನೊಂದು ಅಪರೂಪದ ಕಾಯಿಲೆಯ ಜೀನ್ ಚಿಕಿತ್ಸೆಯನ್ನು ಕಂಪೆನಿ ಕೈಬಿಟ್ಟಾಗ, 2023ರಲ್ಲಿ ಅದರ ಹೊಣೆಯನ್ನು ಹೊತ್ತದ್ದು ಇದೇ ಸಂಸ್ಥೆ. ಲಾಭವಲ್ಲದೆ ಬೇರೆ ದಾರಿಯೇ ಇಲ್ಲವೆಂಬುದು ಪೂರ್ಣ ಸತ್ಯವಲ್ಲ. ಹಣ ಹೂಡಿದವನಿಗೆ ಅವನ ಪಾಲು ಸಲ್ಲಲಿ, ಆದರೆ ಸಾಲ ತೀರಿದ ಮೇಲೆ.

ತೀರಿಸುವುದು ಹೇಗೆ? ಚಿಕಿತ್ಸೆ ಬಡ ಕುಟುಂಬಕ್ಕೂ ಎಟಕುವಂತಾಗಬೇಕು. ಹುಟ್ಟಿದ ಮಕ್ಕಳ ರಕ್ತ ಪರೀಕ್ಷೆಯಿಂದಲೇ ಕಾಯಿಲೆ ಪತ್ತೆಯಾಗಬೇಕು. ಹಾಗಾದರೆ ತಂಗಿಯ ಉಳಿವಿಗಾಗಿ ಅಕ್ಕ ಮೊದಲು ಬೀಳಬೇಕಾಗಿಲ್ಲ. ನಮ್ಮ ಪಾಲಿನದ್ದೂ ಇದೆ. ದಕ್ಷಿಣ ಭಾರತದಲ್ಲಿ ಮುಸ್ಲಿಮರಲ್ಲಿಯೂ ಇತರರಲ್ಲಿಯೂ ರಕ್ತಸಂಬಂಧದ ಮದುವೆಗಳಿವೆ, ಅಂಥಲ್ಲಿ ಇಂತಹ ಕಾಯಿಲೆಗಳ ಸಾಧ್ಯತೆ ಹೆಚ್ಚು. ಮನೆಯಲ್ಲಿ ಇಂಥ ಮಗುವಿದ್ದರೆ ಉಳಿದವರ ಮದುವೆಗೆ ಅಡ್ಡಿಯಾದೀತೆಂದು ಬಚ್ಚಿಡುವುದುಂಟು. ಆ ಮೌನ ಇನ್ನೊಂದು ಮಗುವಿನ ಜೀವವನ್ನೇ ಕಸಿಯಬಹುದು.

ಎಲ್ಲಕ್ಕಿಂತ ಮೊದಲು, ಔಷಧ ತಡವಾಗಿ ಬಂದ ಆ ಅಕ್ಕನನ್ನು ಮರೆಯಬಾರದು. ಅವಳಿಗೆ ನೋವಿಲ್ಲದ ರಾತ್ರಿ ಬೇಕು, ಗಂಟಲಿಗೆ ಸಿಕ್ಕದಂತೆ ಊಟ ಕೊಡುವವರು ಬೇಕು, ಅವಳ ತಾಯಿಗೆ ಒಂದಿಷ್ಟು ನಿದ್ರೆ ಬೇಕು. ಅಷ್ಟನ್ನೂ ಕೊಡದವರಿಗೆ ಅವಳ ದೇಹದಿಂದ ಕಲಿಯುವ ಹಕ್ಕೆಲ್ಲಿದೆ?