ಮೂರು ತಲೆಯಾಚೆ

ಕಳೆದ ಪಿತೃಪಕ್ಷದಲ್ಲಿ ಪುರೋಹಿತರು ಕೇಳಿದಂತೆ ತಂದೆ, ತಾತ, ಮುತ್ತಾತರ ಹೆಸರು ಹೇಳಿದೆ. “ಅಪ್ಪ, ಅವರಾಚೆ ಯಾರು?” ಎಂದಳು ಮಗಳು. ನನಗೆ ತಿಳಿಯದು. ಸತ್ತವರನ್ನು ಸುಡುವ ಮನೆತನ ನಮ್ಮದು. ಗೋರಿಯಿಲ್ಲ, ಬೂದಿ ಹೊಳೆಯ ಪಾಲು. ಮೂರು ತಲೆ ಕಳೆದರೆ ಹೆಸರೂ ಅದರ ಹಿಂದೆಯೇ.

ಹಿಂದಿನವರು ಇಷ್ಟು ಉದಾಸೀನರಾಗಿರಲಿಲ್ಲ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು 890ರ ಕಲ್ಲೊಂದು, ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತನೆಂದು ಹೇಳುತ್ತದೆ. ನಮ್ಮ ಊರಿನ ಹೆಸರು ಅಷ್ಟು ಹಿಂದಿನಿಂದ ಉಳಿದುಬಂದದ್ದು ಒಬ್ಬ ಸತ್ತವನ ನೆಪದಲ್ಲಿ! ಜಿಲ್ಲೆಯ ಇಂಥ ಕಲ್ಲುಗಳನ್ನು ಓದಿಸಿ ಬಿ. ಎಲ್. ರೈಸರು 1905ರಲ್ಲಿ ಒಂದು ಸಂಪುಟವನ್ನೇ ಹೊರತಂದರು. ಅವರಲ್ಲಿ ಯಾರೂ ರೈಸರ ಬಂಧುಗಳಲ್ಲ.

ದೇಹವೇ ಹೋದ ಮೇಲೆ ಹೆಸರಿನ ಮೋಹವೇಕೆ ಎನ್ನುವವರುಂಟು. ನನ್ನ ಹೆಸರನ್ನು ನಾನು ಬಿಟ್ಟರೆ ಅದು ವೈರಾಗ್ಯ. ಇನ್ನೊಬ್ಬರ ಹೆಸರನ್ನು ಬಿಟ್ಟರೆ ಬರಿಯ ಸೋಮಾರಿತನ. ವೇದಾಂತದ ಶಾಲು ಹೊದಿಸಿದರೂ ಅಷ್ಟೆ.

1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಹೊರಬಿದ್ದಾಗ ಬೆಳೆದ ಬಡಾವಣೆ ನಮ್ಮ ಬಸವನಗುಡಿ. ನಮ್ಮವರೂ ಹಾಗೆ ಬಂದವರೇ. ಮಲ್ಲೇಶ್ವರದಲ್ಲಿರುವ ಸೋದರತ್ತೆಯನ್ನು ಹೋಗಿ ಕೇಳಿದೆ. ಮುತ್ತಾತನ ತಂದೆಯ ಹೆಸರು ಅವರಿಗೂ ನೆನಪಾಗಲಿಲ್ಲ. ಪ್ಲೇಗಿನಲ್ಲಿ ತೀರಿಕೊಂಡ, ಯಾವ ಶ್ರಾದ್ಧದಲ್ಲೂ ಯಾರೂ ಕರೆಯದ ಇಬ್ಬರು ಮಕ್ಕಳ ಹೆಸರನ್ನು ಮಾತ್ರ, ತಮ್ಮ ಅಜ್ಜಿ ಹೇಳುತ್ತಿದ್ದಂತೆಯೇ, ತಪ್ಪದೆ ಹೇಳಿದರು.

ಮಗಳು ಬರೆದುಕೊಂಡಳು.