ಇಂಗ್ಲಿಷಿನಲ್ಲಿ 'ಅಲ್ಲ' ಅನ್ನೋದು

ನಮ್ಮ ಹಳ್ಳಿಗಳಲ್ಲಿ 'ಅಲ್ಲ' ಅನ್ನೋದಕ್ಕೂ ಜಾತಿ ಬೇಕಾಗಿತ್ತು. ಧಣಿ ಹೇಳಿದ್ದು ತಪ್ಪು ಅಂತ ಜೀತದಾಳಿಗೆ ಗೊತ್ತಿದ್ದರೂ ಅವನ ಬಾಯಿಂದ ಹೊರಡುತ್ತಿದ್ದುದು 'ಹೂಂ ಬುದ್ಧಿ' ಮಾತ್ರ. ತೀರಾ ತಡೆಯಲಾರದೆ ಹೋದರೆ 'ತಾವು ಹೇಳಿದ್ದು ದಿಟ ಬುದ್ಧಿ, ಆದ್ರೂವೆ...' ಅಂತ ಶುರುಮಾಡಿ ಉಳಿದದ್ದನ್ನು ನುಂಗಿಕೊಳ್ಳಬೇಕಿತ್ತು. ಮೇಲಿನವನು ಒಪ್ಪದಿದ್ದರೆ ಅದು ಅಭಿಪ್ರಾಯ, ಕೆಳಗಿನವನು ಒಪ್ಪದಿದ್ದರೆ ಸೊಕ್ಕು.

ಇಂಥ ಮನೆಗಳ ಮಕ್ಕಳಿಗೆ ಇಂಗ್ಲಿಷು ಬಿಡುಗಡೆಯ ದಾರಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಸಾವಿತ್ರಿಬಾಯಿ ಫುಲೆಯವರು 1854ರಷ್ಟು ಹಿಂದೆಯೇ ಇಂಗ್ಲಿಷ್ ಕಲಿಯಿರಿ ಎಂದು ತುಳಿತಕ್ಕೆ ಒಳಗಾದ ಜನಕ್ಕೆ ಪದ್ಯ ಕಟ್ಟಿ ಹೇಳಿದ್ದರು. ಇಂಗ್ಲಿಷಿನಲ್ಲಿ ನೀನು, ನೀವು, ತಾವು ಎಂಬ ಮೆಟ್ಟಿಲುಗಳಿಲ್ಲ. ಜಮೀನ್ದಾರನಿಗೂ 'ಯು', ಅವನ ಆಳಿಗೂ 'ಯು'.

ಆದರೆ ಗೆಳೆಯರೆ, ಈ ಹೊಸ್ತಿಲು ದಾಟಿದ ಮೇಲೆ ಒಳಗೆ ಇನ್ನೊಂದು ಬೇಲಿ ಇದೆ. ಇಂಗ್ಲಿಷ್ ತಾಯ್ನುಡಿಯವರು ಒಪ್ಪದಿದ್ದಾಗ ಸಾಮಾನ್ಯವಾಗಿ ನೇರ 'ನೋ' ಅನ್ನೋದಿಲ್ಲ. ದಿನನಿತ್ಯದ ಸಂಭಾಷಣೆಗಳನ್ನು ಬಿಡಿಸಿ ನೋಡಿದ ಅನಿತಾ ಪೊಮರಾಂಟ್ಜ್ 1984ರಲ್ಲಿ ಇದನ್ನು ತೋರಿಸಿಕೊಟ್ಟರು. ಮೊದಲು ಚೂರು ತಡ, ಆಮೇಲೆ ಒಂದು 'ವೆಲ್', ಆಮೇಲೆ ಅರ್ಧ ಒಪ್ಪಿಗೆ, ಕೊನೆಗೆ 'ಬಟ್' ಅನ್ನೋದರ ಬೆನ್ನಿಗೆ ವಿರೋಧ.

ಈ ಬಳಸುದಾರಿ ನಮಗೆ ತಿಳಿಯದ್ದೇನಲ್ಲ. 'ನೋಡಾಣ', 'ಇರಬೌದು', 'ಅದೂ ಸರೀನೆ, ಆದ್ರೆ' ಅಂತ ಕನ್ನಡದಲ್ಲಿ ದಿನಾ ಆಡುತ್ತೇವೆ. ಇಂಗ್ಲಿಷಿನಲ್ಲಿ ಇವಕ್ಕೆ ಸಮನಾದ ಮಾತು ನಮ್ಮ ಮಕ್ಕಳ ಕೈಗೆ ಸಿಕ್ಕಿರೋದಿಲ್ಲ. ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಾರೆ, ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸುತ್ತಾರೆ. ಮೇಷ್ಟ್ರ ಮಾತು ಒಪ್ಪದಿದ್ದರೆ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು ಅಂತ ಕಲಿಸೋರು ಯಾರು? ಅಲ್ಲ, ಇಲ್ಲ, ಬೇಡ, ಒಲ್ಲೆ ಈ ನಾಲ್ಕಕ್ಕೂ ಅವರ ಹತ್ತಿರ ಇರೋದು ಒಂದೇ 'ನೋ'. ಹಾಗಾಗಿ ಕೆಲಸದ ಸಂದರ್ಶನಕ್ಕೆ ಹೋದ ಹುಡುಗಿ 'ನೋ ಸಾರ್, ಯು ಆರ್ ರಾಂಗ್' ಅಂದುಬಿಡುತ್ತಾಳೆ. ಇಲ್ಲವೇ ಎಲ್ಲಕ್ಕೂ 'ಯೆಸ್ ಸಾರ್' ಅಂದು ಎದ್ದು ಬರುತ್ತಾಳೆ.

ಅನ್ಯಾಯ ಶುರುವಾಗೋದು ಇಲ್ಲೇ. ಜೆನ್ನಿ ಥಾಮಸ್ ಎಂಬ ಭಾಷಾವಿಜ್ಞಾನಿ 1983ರಲ್ಲಿ ಒಂದು ಮುಖ್ಯ ಮಾತು ಬರೆದರು. ವ್ಯಾಕರಣ ತಪ್ಪಿದರೆ ಕೇಳುವವರು ಇವರಿಗೆ ಭಾಷೆ ಸಾಲದು ಅಂದುಕೊಳ್ಳುತ್ತಾರೆ. ವ್ಯಾಕರಣ ಸರಿಯಿದ್ದು ಮಾತಿನ ವರಸೆ ತಪ್ಪಿದರೆ ಇವರ ನಡತೆಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಅಂದರೆ ಹುಡುಗಿ ಇಂಗ್ಲಿಷನ್ನು ಶುದ್ಧವಾಗಿ ಕಲಿತಷ್ಟೂ ಅವಳ ಮೇಲೆ ಈ ಅಪವಾದ ಬರುವ ಸಂಭವ ಹೆಚ್ಚು. 'ಸಂಸ್ಕಾರ ಇಲ್ಲದವರು' ಎಂಬ ಹಳೆಯ ಬೈಗುಳ ಹೊಸ ಭಾಷೆಯಲ್ಲಿ ಅದೇ ಜನರ ಮೇಲೆ ಬೀಳುತ್ತದೆ.

ಹಾಗಾದರೆ ನಯವನ್ನೇ ಬಿಸಾಕೋಣವೇ? ನಯ ಅನ್ನೋದೇ ಗುಲಾಮಗಿರಿ, ಮುಖಕ್ಕೆ ಹೊಡೆದಂಗೆ ಹೇಳಬೇಕು ಎನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು, ತೀರ್ಮಾನ ಅವಸರದ್ದು. ಕೇರಿಯ ಜಗಲಿಯ ಮೇಲೆ ಕೂತ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು 'ಹಂಗಲ್ಲ ಕಣವ್ವ' ಅಂದಾಗ ಅಲ್ಲಿ ಯಾರು ಯಾರ ಗುಲಾಮರು? ಸಮಾನರ ನಡುವೆಯೂ ನಯ ಇದೆ. ಭಯದ ನಯ ಹೇಳಬೇಕಾದ ಮಾತನ್ನೇ ಬದಲಿಸಿಬಿಡುತ್ತದೆ. ಗೌರವದ ನಯ ಮಾತನ್ನು ಹಾಗೇ ಉಳಿಸಿಕೊಂಡು ದಾರಿಯನ್ನಷ್ಟೇ ಹಸನು ಮಾಡುತ್ತದೆ.

ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ 1936ರ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಅಂಬೇಡ್ಕರರನ್ನು ಕರೆದಿತ್ತು. ಅವರು ಇಂಗ್ಲಿಷಿನಲ್ಲಿ ಬರೆದ ಭಾಷಣ ಓದಿದ ಮೇಲೆ ಕೆಲವು ಭಾಗ ತೆಗೆಯಿರಿ ಎಂದಿತು. ಅವರು ಉತ್ತರಿಸಿದ ಕಾಗದದಲ್ಲಿ ಮರ್ಯಾದೆಗೆ ಕೊರತೆಯಿಲ್ಲ. ಭಾಷಣದಲ್ಲಿ ಮಾತ್ರ ಏನನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನ ನಡೆಯಲಿಲ್ಲ. ಅವರು ಸ್ವಂತ ಖರ್ಚಿನಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಇಂಗ್ಲಿಷ್ ಅವರ ತಾಯ್ನುಡಿಯಲ್ಲ. ಅದರ ನಯವನ್ನೂ ಅದರ ಅಲಗನ್ನೂ ಅವರು ಕಲಿತಿದ್ದರು, ಯಾವುದನ್ನು ಎಲ್ಲಿ ಹಿಡಿಯಬೇಕು ಎಂಬ ತೀರ್ಮಾನ ಅವರದೇ ಆಗಿತ್ತು.

ಹಳ್ಳಿಯ ಮೇಷ್ಟ್ರುಗಳು ಮಾಡಬಹುದಾದ ಕೆಲಸ ಇಲ್ಲಿದೆ. 'ಐ ಸೀ ಯುವರ್ ಪಾಯಿಂಟ್, ಬಟ್' ಅನ್ನೋದನ್ನೂ ಕಲಿಸಿ, 'ಐ ಡು ನಾಟ್ ಅಗ್ರೀ' ಅನ್ನೋದನ್ನೂ ಕಲಿಸಿ. ಎರಡನ್ನೂ ನಿಮ್ಮ ಮೇಲೆಯೇ ಪ್ರಯೋಗಿಸಲು ಬಿಡಿ. ಯಾವುದನ್ನು ಯಾರ ಮುಂದೆ ಆಡಬೇಕು ಅನ್ನೋದನ್ನು ಮಗುವೇ ಆರಿಸಿಕೊಳ್ಳಲಿ.

ಉಳಿದ ಹೊಣೆ ಕೇಳುವವರದು. ಮೇಜಿನ ಆಚೆ ಕೂತವರು, ಕೆಲಸ ಕೊಡುವವರು, ಅಂಕ ಹಾಕುವವರು ಒರಟು ಅನ್ನಿಸಿದ 'ನೋ' ಕೇಳಿದಾಗ 'ಯಾಕೆ?' ಅಂತ ಒಂದು ಸಲ ಕೇಳಲಿ. ಅಧಿಕಾರ ಇರುವವರಿಗೆ ಅಷ್ಟು ಕಾಯುವುದು ಕಷ್ಟವಲ್ಲ. ಇದು ಇಂಗ್ಲಿಷಿನವರಿಗೆ ಮಾತ್ರ ಹೇಳಿದ್ದೂ ಅಲ್ಲ. ನಮ್ಮ ಸಂಘಟನೆಯ ಸಭೆಯಲ್ಲಿ ಹಿಂದಿನ ಸಾಲಿನ ಹುಡುಗ ಎದ್ದು, ಅಚ್ಚಕನ್ನಡದಲ್ಲೇ, 'ಅಣ್ಣಾ, ನೀವು ಹೇಳಿದ್ದು ತಪ್ಪು' ಅಂದರೆ ನಾವು ಮೊದಲು ಅವನ ಮಾತು ಕೇಳುತ್ತೇವೋ, ಅವನ ದನಿ ಅಳೆಯುತ್ತೇವೋ?