ಅವ್ವ ಎಮ್ಮೆ ಮಾರಿದ ವರ್ಷ

ನಮ್ಮ ಜುಗೂಳದಲ್ಲಿ ಬಾಣಂತನ ಮುಗಿದ ಹೆಣ್ಣುಮಗಳು ಏನು ಮಾಡುತ್ತಿದ್ದಾಳೆ ಎಂದು ಯಾರಾದರೂ ವಿಚಾರಿಸಿದರೆ ಸಿಗುವ ಉತ್ತರ ಒಂದೇ: "ಏನಿಲ್ರಿ, ಸದ್ಯ ಮನ್ಯಾಗ ಕುಂತಾಳ." ನಸುಕಿನಲ್ಲಿ ಎದ್ದು, ಕೂಸಿಗೆ ಎಣ್ಣೆ ತಿಕ್ಕಿ, ಎರೆದು, ಶೇಗಡಿಯ ಹೊಗೆ ಹಿಡಿದು, ಕುಂಚಿಗೆ ಕಟ್ಟಿ, ಹಾಲೂಡಿಸಿ ಮಲಗಿಸುತ್ತಾಳೆ. ಅದು ಎದ್ದರೆ ಮತ್ತೆ ಮೊದಲಿನಿಂದ. ನನ್ನ ಮಗ ಏಳು ತಿಂಗಳವನಾಗುವವರೆಗೆ ನಾನೂ ಹಾಗೆ ಇದ್ದೆ. ಆ ದಿನಗಳಲ್ಲಿ ಹಗಲು ಹೊತ್ತು ಬೆನ್ನು ನೆಲಕ್ಕೆ ಹಚ್ಚಿದ ನೆನಪಿಲ್ಲ. 2022ರ ಜೂನಿನಲ್ಲಿ ಪಾಠ ಹೇಳಲು ಶಾಲೆಗೆ ಹೊರಟಾಗ ಓಣಿಯವರು ಪ್ರೀತಿಯಿಂದಲೇ ಅಂದರು: "ಮತ್ತ ಕೆಲಸಕ್ಕ ಹತ್ತಿದಿ, ಛಲೋ ಆತು."

'ಕುಂತಾಳ' ಮತ್ತು 'ಹತ್ತಿದಿ' ಎಂಬ ಈ ಎರಡು ಮಾತು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಎಳೆ ಮಕ್ಕಳ ತಾಯಿ ಕೆಲಸಕ್ಕೆ ಮರಳಬೇಕೋ ಬೇಡವೋ ಎಂಬ ವಾದ ಮನೆಮನೆಯಲ್ಲೂ ಇದೆ. ಕೂಸಿಗಿಂತ ದೊಡ್ಡದು ಯಾವುದೂ ಇಲ್ಲ ಎನ್ನುವವರಿದ್ದಾರೆ, ಹೆಣ್ಣು ತನ್ನ ಕಾಲ ಮೇಲೆ ನಿಲ್ಲಬೇಕು ಎನ್ನುವವರೂ ಇದ್ದಾರೆ. ಇಬ್ಬರೂ ಒಂದು ಮಾತನ್ನು ಕೇಳದೆಯೇ ಒಪ್ಪಿಕೊಂಡಿರುತ್ತಾರೆ: ಕೂಸಿನ ಹತ್ತಿರ ಇರುವುದೆಂದರೆ ಕೆಲಸ ಬಿಟ್ಟು ಇರುವುದು. ತಪ್ಪು ಅಲ್ಲೇ ಇದೆ ಎಂಬುದು ನನ್ನ ವಾದ. ತಾಯಿ ಹೊರಗೆ ಹೊರಟ ದಿನ ಮನೆಯಲ್ಲಿ ಒಂದು ಕೆಲಸ ಕೈ ಬದಲಾಗುತ್ತದೆ. ಅದು ಯಾರ ಕೈಗೆ ಹೋಯಿತು, ಅವರು ತಮ್ಮ ಕೈಯಲ್ಲಿದ್ದದ್ದನ್ನು ಎಲ್ಲಿ ಇಟ್ಟು ಇದನ್ನು ತೆಗೆದುಕೊಂಡರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನನ್ನನ್ನು ಕೊಟ್ಟದ್ದೂ ಇದೇ ಊರಿಗೆ. ಅತ್ತೆ ತೀರಿಕೊಂಡಿದ್ದರಿಂದ ಕೂಸನ್ನು ಅವ್ವನ ಮಡಿಲಿಗೆ ಹಾಕಿ ಶಾಲೆಗೆ ಹೋಗುತ್ತಿದ್ದೆ. ಅವ್ವನಿಗೆ ಎರಡು ಎಮ್ಮೆ ಇದ್ದವು. ಕಬ್ಬಿನ ವಾಡೆ, ಹೊಳೆದಂಡೆಯ ಹುಲ್ಲು ತಂದು ಹಾಕಿ, ಎರಡು ಹೊತ್ತು ಹಿಂಡಿ, ಕ್ಯಾನು ಹಿಡಿದು ಡೈರಿಗೆ ನಡೆಯುತ್ತಿದ್ದಳು. ಅಲ್ಲಿ ಫ್ಯಾಟು ನೋಡಿ ಕಾರ್ಡಿನಲ್ಲಿ ಬರೆದುಕೊಡುತ್ತಿದ್ದರು. ಹತ್ತು ದಿನಕ್ಕೊಮ್ಮೆ ಬಿಲ್ಲು. ಅಪ್ಪನ ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬಂದು ಸೊಸೈಟಿಯ ಸಾಲಕ್ಕೆ ಹೋಗುತ್ತಿತ್ತು. ಅವ್ವನ ಹೆಸರಿನಲ್ಲಿ, ಅವ್ವನ ಕೈಗೆ ಬರುತ್ತಿದ್ದ ದುಡ್ಡು ಡೈರಿಯದೊಂದೇ. ಅಂಬೆಗಾಲಿಡುವ ಕೂಸನ್ನು ಕಾಯುತ್ತ ಎಮ್ಮೆಯ ಹೊಟ್ಟೆ ನೋಡುವುದು ಆಗಲಿಲ್ಲ. ಶ್ರಾವಣದಲ್ಲಿ ಒಂದನ್ನು ಮಾರಿದಳು, ದೀಪಾವಳಿಯ ಮುಂದೆ ಇನ್ನೊಂದನ್ನು. ಕೊಂಡವನಿಗೆ ಎಮ್ಮೆ ಕೊಟ್ಟಳು, ಕಣ್ಣಿ ಬಿಚ್ಚಿ ತಾನಿಟ್ಟುಕೊಂಡಳು. ಅದು ದನದ ಕೊಟ್ಟಿಗೆಯ ಗೂಟಕ್ಕೆ ಜೋತುಬಿದ್ದಿತ್ತು. ಅವಳು ಕೆಲಸ ಬಿಟ್ಟಳು ಎಂದು ಓಣಿಯಲ್ಲಿ ಯಾರೂ ಅನ್ನಲಿಲ್ಲ. ನಾನು ಮರಳಿದ್ದು ಎಲ್ಲರಿಗೂ ಕಂಡಿತು. ಆ ಮರಳುವಿಕೆಗೆ ಬೆಲೆ ತೆತ್ತವಳು ಕಾಣಲಿಲ್ಲ.

ಯಾವುದನ್ನು ಕೆಲಸ ಎನ್ನಬೇಕು ಎಂಬುದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲೇ ಒಂದು ಸರಳ ಒರೆಗಲ್ಲು ಕೊಟ್ಟಿದ್ದಳು. ನಿಮ್ಮ ಬದಲು ಇನ್ನೊಬ್ಬರಿಂದ ಕೂಲಿ ಕೊಟ್ಟು ಮಾಡಿಸಬಹುದಾದದ್ದೆಲ್ಲ ಕೆಲಸ. ನನ್ನ ಬದಲು ಇನ್ನೊಬ್ಬರು ಉಂಡರೆ ನನ್ನ ಹೊಟ್ಟೆ ತುಂಬುವುದಿಲ್ಲ, ಆದ್ದರಿಂದ ಉಣ್ಣುವುದು ಕೆಲಸವಲ್ಲ. ಅಡುಗೆಯನ್ನು ಇನ್ನೊಬ್ಬರು ಮಾಡಬಹುದು, ಅದು ಕೆಲಸ. ಕೂಸಿಗೆ ಎರೆಯುವುದು, ತೂಗುವುದು, ಜ್ವರ ಬಂದ ರಾತ್ರಿ ಹಣೆಗೆ ಹಸಿ ಬಟ್ಟೆ ಹಾಕುತ್ತ ಕೂಡುವುದು ಇನ್ನೊಬ್ಬರಿಂದ ಆಗುತ್ತದೆ, ಆಗುತ್ತಲೂ ಬಂದಿದೆ. ಬೇರೆಯವರಿಗೆ ಕೊಡಲು ಬಾರದ್ದೂ ಒಂದಿದೆ: ಆ ಕೂಸು ನನ್ನದು, ನಾನು ಅದರವಳು ಎಂಬ ಸಂಬಂಧ. ತಾಯಿಯಾದವಳು ಸಂಜೆ ದಣಿದು ಬಂದರೂ ಅದು ಸವೆದಿರುವುದಿಲ್ಲ. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ 'ತಾಯ್ತನ' ಎಂದು ಹೆಸರಿಟ್ಟದ್ದರಿಂದ, ಕೆಲಸ ಇನ್ನೊಬ್ಬರಿಗೆ ಕೊಟ್ಟ ದಿನ ಸಂಬಂಧವನ್ನೇ ಕೊಟ್ಟುಬಿಟ್ಟೆನೇನೋ ಎಂಬ ಅಪರಾಧ ಭಾವ ತಾಯಂದಿರ ಎದೆಯಲ್ಲಿ ಕೂಡುತ್ತದೆ. ಶಾಲೆಯಲ್ಲಿ ಮೂರನೇ ತಾಸಿಗೆ ಎದೆ ಹಾಲು ಒಸರಿ ಕುಪ್ಪಸ ನೆನೆದಾಗ ಹಲಗೆಯ ಕಡೆ ತಿರುಗಿ ನಿಂತು ಸೆರಗು ಸರಿಮಾಡಿಕೊಂಡಿದ್ದೇನೆ. ನನ್ನನ್ನು ಆಗ ಹಿಂಡಿದ್ದು ಆ ಭಾವವೇ.

ಕಾಯಕದ ನಾಡು ನಮ್ಮದು. ಶರಣೆಯರನ್ನು ಅವರ ಕಾಯಕದಿಂದಲೇ ಕರೆಯುತ್ತೇವೆ: ಆಯ್ದಕ್ಕಿ ಲಕ್ಕಮ್ಮ, ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಅಕ್ಕಿ ಆಯುವುದು, ನೂಲು ತೆಗೆಯುವುದು, ಭತ್ತ ಕುಟ್ಟುವುದು ದೇವರ ಮುಂದೆ ನಿಲ್ಲುವಷ್ಟು ದೊಡ್ಡದಾದವು. ತೊಟ್ಟಿಲು ಮಾತ್ರ ಈ ಹೆಸರುಗಳ ಸಾಲಿಗೆ ಸೇರಲಿಲ್ಲ. ಕಾಯಕದ ಕಲ್ಪನೆಗೆ ಇನ್ನೂ ಬೆಳೆಯಲು ಜಾಗವಿದೆ ಎಂದು ನಾನು ನಂಬಿದ್ದೇನೆ.

ಕಾನೂನಿನ ಲೆಕ್ಕದಲ್ಲೂ ಇದೇ ಕಂದಕ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ 12 ವಾರದ ರಜೆಯನ್ನು 26 ವಾರಕ್ಕೆ ಏರಿಸಿತು. 50 ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೋಣೆ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದಿತು. ಅಂಗನವಾಡಿಯಲ್ಲಿ ಮಗುವನ್ನು ಕೂಡಿಸಿಕೊಳ್ಳುವುದು ಮೂರು ತುಂಬಿದ ಮೇಲೆ. ಅದಕ್ಕೂ ಮೊದಲು ಆಹಾರದ ಪೊಟ್ಟಣ ಸಿಗುತ್ತದೆ, ಮಡಿಲು ಸಿಗುವುದಿಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗೆ, ಕೂಸು ಹರಿದಾಡಿ, ನಿಂತು, ಬಿದ್ದು, ಸಿಕ್ಕದ್ದೆಲ್ಲ ಬಾಯಿಗೆ ಹಾಕುವ ಕಾಲದಲ್ಲಿ, ಅದನ್ನು ಅವ್ವನೋ ಅತ್ತೆಯೋ ಸಾಲೆ ಬಿಟ್ಟ ಅಕ್ಕನೋ ನೋಡಿಕೊಳ್ಳುತ್ತಾರೆ ಎಂದು ಸರ್ಕಾರವೂ ಊರೂ ಸುಮ್ಮನೆ ನಂಬಿಕೊಂಡಿವೆ.

ನನಗಾದರೂ ರಜೆ ಸಿಕ್ಕಿತು. ಹಂಗಾಮು ಶುರುವಾದರೆ ಕಾಗವಾಡ, ಅಥಣಿ, ರಾಯಬಾಗದ ಹೊಲಗಳಿಗೆ ಕಬ್ಬು ಕಡಿಯುವ ಗ್ಯಾಂಗಿನವರು ಬಂದಿಳಿಯುತ್ತಾರೆ. ಗಂಡ ಕಡಿಯುತ್ತಾನೆ, ಹೆಂಡತಿ ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾಳೆ. ಮುಂಗಡ ಕೊಟ್ಟದ್ದು ಗಂಡಹೆಂಡತಿಯ ಜೋಡಿಗೆ. ಹಾಗಾಗಿ ಹೆತ್ತವಳು ಬರದಿದ್ದರೆ ಜೋಡಿಯೇ ಮುರಿಯಿತು. ಬದುವಿನ ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಕೂಸು, ಅದನ್ನು ತೂಗುತ್ತ ಆರೇಳು ವರ್ಷದ ಹುಡುಗಿಯೊಬ್ಬಳು ಇರುವುದನ್ನು ನಮ್ಮ ಹೊಲದಲ್ಲೇ ನೋಡಿದ್ದೇನೆ. ಹೊರೆ ಇಳಿಸಿ ಬಂದವಳು ಕಬ್ಬಿನ ಬೂದಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಹಾಲೂಡಿಸುತ್ತಾಳೆ. ಕೂಸಿನ ಗಲ್ಲದ ಮೇಲೆ ಅವಳ ಬೆರಳಿನ ಕಪ್ಪು ಗುರುತು ಉಳಿಯುತ್ತದೆ. ನಿಪ್ಪಾಣಿ ಸೀಮೆಯ ಬೀಡಿ ಕಟ್ಟುವ ತಾಯಿಯಾದರೆ ಮನೆ ಬಿಟ್ಟು ಹೋಗಬೇಕಾಗಿಯೇ ಇಲ್ಲ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ, ತೊಡೆಯ ಮೇಲೆ ಎಲೆ, ತಂಬಾಕಿನ ಮೊರ. ಮನೆಯಲ್ಲೇ ಇದ್ದು ದುಡಿಯುವುದು ತಾಯಂದಿರಿಗೆ ಒಳ್ಳೆಯದು ಎನ್ನುವವರು ಒಂದು ಗಳಿಗೆ ಅವಳ ಪಕ್ಕ ಕೂತು ನೋಡಲಿ. ಮೊರ ಇರುವ ತೊಡೆಯ ಮೇಲೆ ಕೂಸಿಗೆ ಜಾಗವಿಲ್ಲ, ಅದು ತಂಬಾಕಿನ ಘಾಟಿನಲ್ಲೇ ಆಡಿ ಅಲ್ಲೇ ಮಲಗುತ್ತದೆ. ಜಾಗ ಒಂದೇ ಆದರೂ ಇವಳು ಮಾಡುತ್ತಿರುವುದು ಎರಡು ಕೆಲಸ.

ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸಕ್ಕೆ, ಅದರಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಕೂಸಿನ ತಂದೆಯ ಮಾತು ನಾನು ಇಲ್ಲಿಯವರೆಗೆ ಎತ್ತಿಲ್ಲ. ಎತ್ತಬೇಕಾದದ್ದೇ. ನನ್ನ ಯಜಮಾನರು ಒಳ್ಳೆಯವರು. ಆದರೂ ಅವರು ಹೊಲಕ್ಕೆ ಮರಳಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ. ಒಬ್ಬರಿಗೆ ಮಾತ್ರ ಹುಟ್ಟುವ ಪ್ರಶ್ನೆಯಲ್ಲಿ ಉತ್ತರದ ಅರ್ಧ ಆಗಲೇ ಸೇರಿಕೊಂಡಿರುತ್ತದೆ.

ಪ್ರೀತಿಯಿಂದ ಮಾಡುವುದಕ್ಕೆ ಕೂಲಿ, ಲೆಕ್ಕ ಎಂದರೆ ಅದು ಕೆಡುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಇದು ಸುಮ್ಮನೆ ತಳ್ಳಿಹಾಕುವ ಆಕ್ಷೇಪವಲ್ಲ. ನಾನು ಸಂಬಳ ತೆಗೆದುಕೊಂಡು ಪಾಠ ಹೇಳುತ್ತೇನೆ, ಕಾಗುಣಿತ ತಿದ್ದಿದ ಮಗು ಮೊದಲ ಸಲ ತನ್ನ ಹೆಸರು ಬರೆದಾಗ ನನ್ನ ಕಣ್ಣು ತುಂಬುವುದಕ್ಕೆ ಸಂಬಳ ಅಡ್ಡ ಬಂದಿಲ್ಲ. ಕೂಲಿ ಇಲ್ಲದಿದ್ದರೇ ಪ್ರೀತಿ ಶುದ್ಧವಾಗಿರುತ್ತದೆ ಎಂಬ ಮಾತನ್ನು ನಾವು ಹೆಂಗಸರಿಗೆ ಮಾತ್ರ ಹೇಳುತ್ತೇವೆ. ಅಂಗನವಾಡಿಯ ಅಕ್ಕಂದಿರಿಗೆ ಬರುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತೇವೆ. ಅವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಅವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಅದೇ ಕೋರ್ಟ್ ಹೇಳಲು 2022 ಬರಬೇಕಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿದ್ದ ಒಂದು ಅಂಶ ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುತ್ತದೆ. ಕಾಮಗಾರಿಗೆ ಬಂದವರ ಜೊತೆ ಆರರೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು ಎಂದಿತ್ತು. ಮಣ್ಣಿನ ಬುಟ್ಟಿ ಹೊರುವುದೂ ಕೂಸನ್ನು ಎತ್ತಿಕೊಳ್ಳುವುದೂ ಒಂದೇ ತೂಕಕ್ಕೆ ಬಂದದ್ದು ಅಲ್ಲಿ. 2023-24ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಹೊರಟ 'ಕೂಸಿನ ಮನೆ'ಗಳ ಬೇರು ಇದೇ ವಿಚಾರದಲ್ಲಿದೆ. ಪ್ರತಿ ಊರಿಗೂ ಅದು ಬೇಕು, ಕಬ್ಬಿನ ಹಂಗಾಮಿನಲ್ಲಿ ಹೊಲದ ಬದುವಿನವರೆಗೂ ಬರಬೇಕು.

ಕೂಸುಗಳನ್ನು ಎಲ್ಲರೂ ಸೇರಿ ನೋಡಿಕೊಳ್ಳುವುದು ನಮ್ಮಿಂದ ಆಗದ ಮಾತಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಹೊಳೆದಂಡೆಯ ಹಳ್ಳಿಗಳವರೆಲ್ಲ ಮನೆ ಬಿಟ್ಟು ಎತ್ತರದ ಕಡೆ ಹೋದೆವು. ನನಗಾಗ ಮಕ್ಕಳಿರಲಿಲ್ಲ. ನೆರೆ ಬಂದಾಗ ಜನರನ್ನು ಇರಿಸುವ ಜಾಗಕ್ಕೆ ಸರ್ಕಾರ ಇಟ್ಟ ಹೆಸರು 'ಕಾಳಜಿ ಕೇಂದ್ರ'. ಅಲ್ಲಿ ಒಂದೇ ಒಲೆಯ ಅನ್ನ, ಒಂದೇ ಸೂರಿನಡಿ ಎಲ್ಲರ ಮಕ್ಕಳು. ಯಾರದೋ ಕೂಸು ಅತ್ತರೆ ಹತ್ತಿರ ಇದ್ದವರು ಎತ್ತಿಕೊಳ್ಳುತ್ತಿದ್ದರು. ಗಂಡಸರೂ ಎತ್ತಿಕೊಂಡರು, ಬೇರೆಯವರ ಕೂಸಿನ ಮೂಗು ಒರೆಸಿದರು. ಅದು ಯಾರ ಕೆಲಸ ಎಂದು ಆ ಸೂರಿನಡಿ ಯಾರೂ ಕೇಳಲಿಲ್ಲ. ನೀರು ಇಳಿಯಿತು, ಗೋಡೆಗೆ ಹತ್ತಿದ ರಾಡಿ ತೊಳೆದೆವು, ಒಂದೊಂದು ಕೂಸೂ ಒಂದೊಂದು ಮನೆಯ ಒಬ್ಬಳೇ ಹೆಂಗಸಿನ ಬಗಲಿಗೆ ವಾಪಸು ಹೋಯಿತು.

ನನ್ನ ಮಗನಿಗೆ ಮೂರು ತುಂಬಿದ್ದು 2024ರ ಕೊನೆಗೆ. ಅಂಗನವಾಡಿಯಲ್ಲಿ ಮೊದಲ ವಾರ ಅತ್ತ, ಆಮೇಲೆ ತಾನೇ ಚೀಲ ಹಿಡಿದು ಹೊರಟ. ಸಂಕ್ರಾಂತಿ ದಾಟಿದ ಮೇಲೆ ಒಂದು ಸಂಜೆ ಅವನನ್ನು ಕರೆದುಕೊಂಡು ತವರುಮನೆಗೆ ಹೋದಾಗ ಅವ್ವ ಕೊಟ್ಟಿಗೆಯಲ್ಲಿದ್ದಳು. ಗೂಟದ ಕಣ್ಣಿ ಇಳಿಸಿ, ಧೂಳು ಝಾಡಿಸಿ, ನೀರಲ್ಲಿ ನೆನೆಹಾಕಿದ್ದಳು. ಎರಡು ವರ್ಷ ಒಣಗಿ ಬಿರುಸಾಗಿತ್ತು. "ನಾಳೆ ಎಮ್ಮಿ ನೋಡಾಕ ಹೊಂಟೀನಿ, ಕೂಸಿನ್ನ ನೀ ನೋಡ್ಕೋ," ಅಂದಳು. ನಾನು ಶಾಲೆಗೆ ರಜೆ ಚೀಟಿ ಬರೆದೆ.